ಏರು ಬಿಟ್ಟರೆ ಬೆಟ್ಟ ಎಲ್ಲಿದೆ?

ಗೌರಿ ಹಬ್ಬದ ಹಿಂದಿನ ದಿನ ಊರಿಂದ ಭಾವನ ಫೋನ್ ಬಂತು. ಮಳೆ, ಅಡಿಕೆಗೆ ಬಂದ ಕೊಳೆರೋಗ, ಔಷಧಿ ಹೊಡೆಯೋಕೆ ಆಳು ಸಿಗದ ಕಥೆ ಎಲ್ಲ ಮುಗಿದ ಮೇಲೆ, "ನಮ್ಮ ಕೊಡಚಾದ್ರಿಗೆ ರೋಪ್‌ವೇ ಆಗ್ಬೇಕು ಮಾರಾಯ. ನೀನು ಪುಣೆಯಲ್ಲಿ ಕೂತು ಅದು ಬೇಡ, ಇದು ಬೇಡ ಅಂತ ಬರೀಬೇಡ" ಅಂದರು. ಬರೀಬೇಡ ಅಂದದ್ದನ್ನೇ ಬರೆಯೋಕೆ ಕೂತಿದ್ದೇನೆ. ಭಾವ ಕ್ಷಮಿಸಲಿ.

ಊರು ಬಿಟ್ಟು ಹೋದವನಿಗೆ ಊರಿನ ಬೆಟ್ಟದ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾನು ಹುಟ್ಟಿದ್ದು ಕೊಡಚಾದ್ರಿಯ ಬುಡದಲ್ಲಿ, ನಿಟ್ಟೂರಿನ ಹತ್ತಿರದ ಹಳ್ಳಿಯಲ್ಲಿ. ಊರಲ್ಲಿದ್ದಷ್ಟು ವರ್ಷ ಬೆಟ್ಟದ ಮೇಲೆ ಹೋದದ್ದು ಮೂರೇ ಸಲ. ಮೂರೂ ಸಲ ಜೀಪಿನಲ್ಲಿ, ಬೆಂಗಳೂರಿನ ನೆಂಟರಿಗೆ ಸೂರ್ಯಾಸ್ತ ತೋರಿಸೋಕೆ. ಬೆಟ್ಟ ಹತ್ತೋದು ಅಂದರೇನು ಅಂತ ಗೊತ್ತಾದದ್ದು ಪುಣೆಗೆ ಬಂದ ಮೇಲೆ, ಪರರ ಬೆಟ್ಟದಲ್ಲಿ. ಇದು ನಾಚಿಕೆಯ ಮಾತು. ನನ್ನ ಅರ್ಹತೆಯೂ ಅದೇ.

ಆ ಬೆಟ್ಟದ ಹೆಸರು ರಾಜಗಡ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮುಂಚೆ ಇಲ್ಲಿಂದಲೇ ರಾಜ್ಯವಾಳಿದರು. ಗುಂಜವಣೆ ಎಂಬ ಹಳ್ಳಿಯಿಂದ ಚೋರ್ ದರವಾಜಾಕ್ಕೆ ಹೋಗುವ ದಾರಿ ಒಂದಿದೆ. ಮೊದಲು ಗದ್ದೆ, ಆಮೇಲೆ ಕುರುಚಲು ಕಾಡು, ಆಮೇಲೆ ಬರೀ ಬೆಟ್ಟದ ಬೆನ್ನು. ಎರಡೂ ಕಡೆ ಇಳಿಜಾರು, ಮಧ್ಯೆ ಕಾಲಿಡುವಷ್ಟು ಜಾಗ. ಕೊನೆಗೆ ಬಂಡೆ. ಅಲ್ಲಿ ಕಬ್ಬಿಣದ ಸರಳು ಹಿಡಿದುಕೊಂಡು ಮೇಲೇರಬೇಕು. ಮೊದಲ ಸಲ ಹೋದಾಗ ನನ್ನ ಮೊಣಕಾಲು ನಡುಗಿತ್ತು. ಹಿಂದೆ ತಲೆ ಮೇಲೆ ಮಜ್ಜಿಗೆಯ ಕೊಡ ಹೊತ್ತ ಹೆಂಗಸೊಬ್ಬಳು ನಿಂತು, "ಕೆಳಗೆ ನೋಡಬೇಡ ದಾದಾ, ಮುಂದಿನ ಕಲ್ಲು ನೋಡು" ಅಂತ ಮರಾಠಿಯಲ್ಲಿ ಹೇಳಿದಳು. ಆ ಸಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ಹೋದರೆ ಥಟ್ಟನೆ ಪದ್ಮಾವತಿ ಕೆರೆ, ಗಾಳಿ, ದೂರದಲ್ಲಿ ತೋರಣಾ ಕೋಟೆ. ಅವಳ ಮಜ್ಜಿಗೆ ಎರಡು ಲೋಟ ಕುಡಿದೆ. ಆ ರುಚಿ ಮಜ್ಜಿಗೆಯದಲ್ಲ, ಏರಿನದು. ಕೆಳಗೆ ಬಸ್‌ಸ್ಟ್ಯಾಂಡಿನಲ್ಲಿ ಕುಡಿದಿದ್ದರೆ ಹುಳಿ ಅಂತ ಬೈಯುತ್ತಿದ್ದೆ.

ಈಗ ಈ ರಾಜಗಡಕ್ಕೂ ರೋಪ್‌ವೇ ಹಾಕುವ ಪ್ರಸ್ತಾಪ ಇದೆ. ಗಡ ಹತ್ತುವವರು ಅದನ್ನು ವಿರೋಧಿಸುತ್ತಿದ್ದಾರೆ. ಅವರ ವಾದ ಸರಳ: ಕೋಟೆ ಅಂದರೆ ಮೇಲಿರುವ ಗೋಡೆ ಮಾತ್ರ ಅಲ್ಲ, ಆ ಏರೇ ಕೋಟೆ. ಶತ್ರು ಹತ್ತಲಾರದಂತೆ ಈ ಬೆಟ್ಟವನ್ನು ಆರಿಸಿದ್ದೇ ಅದನ್ನು ಕಟ್ಟಿದವರ ಬುದ್ಧಿವಂತಿಕೆ. 2025ರಲ್ಲಿ ಯುನೆಸ್ಕೋ ರಾಜಗಡವೂ ಸೇರಿ 12 ಕೋಟೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮರಾಠರ 'ಸೇನಾ ಭೂದೃಶ್ಯ' ಅಂತ ಹೆಸರಿಟ್ಟಿತು. ಭೂದೃಶ್ಯ ಅಂದ ಮೇಲೆ ಬೆಟ್ಟವೂ ಸೇರಿತಲ್ಲ? ಆ ಬೆಟ್ಟದ ಬೆನ್ನ ಮೇಲೆ ಕಂಬ ನೆಟ್ಟು, ಹತ್ತು ನಿಮಿಷಕ್ಕೆ ಮೇಲಿಳಿಸಿ, "ನೋಡಿ, ಇದು ಅಭೇದ್ಯ ಕೋಟೆ" ಅಂದರೆ ನಗಬೇಕೋ ಅಳಬೇಕೋ?

ಇದರ ಎದುರು ಒಂದು ಗಟ್ಟಿ ವಾದವಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ರಾಯಗಡಕ್ಕೆ 1996ರಿಂದ ರೋಪ್‌ವೇ ಇದೆ. ನನ್ನ ಅಮ್ಮನಿಗೆ ಎರಡೂ ಮಂಡಿ ನೋವು. ಅವಳು ಪುಣೆಗೆ ಬಂದಾಗ ಅದರಲ್ಲೇ ಮೇಲೆ ಕರಕೊಂಡು ಹೋದೆ. ಸಮಾಧಿಗೆ ಕೈಮುಗಿದಳು, ಗಾಳಿಗೆ ಸೆರಗು ಬಿಗಿದು ಕೂತಳು, ಸಂತೋಷಪಟ್ಟಳು. ಕಾಲಿಲ್ಲದವರು, ವಯಸ್ಸಾದವರು ಬೆಟ್ಟ ನೋಡಬಾರದಾ ಅಂತ ಯಾರಾದರೂ ಕೇಳಿದರೆ ನನಗೆ ಅಮ್ಮನ ಮುಖ ನೆನಪಾಗ್ತದೆ, ಬಾಯಿ ಕಟ್ಟುತ್ತದೆ.

ಆದರೆ ಸ್ವಾಮಿ, ಕೆಲವು ಬೆಟ್ಟಕ್ಕೆ ದಾರಿ ಇರಲಿ ಅನ್ನೋದು ಬೇರೆ, ಒಂದು ಬೆಟ್ಟವನ್ನೂ ಬಿಡಬೇಡಿ ಅನ್ನೋದು ಬೇರೆ. ಅಮ್ಮನಿಗೆ ರಾಯಗಡ ಇದೆ. ನಂದಿಬೆಟ್ಟಕ್ಕೆ, ಚಾಮುಂಡಿಗೆ ಡಾಂಬರು ರಸ್ತೆ ಇದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ, ಕರ್ನಾಟಕದ ಅತಿ ಎತ್ತರದ ಶಿಖರಕ್ಕೂ, ಕೊನೆಯ ಮೆಟ್ಟಿಲುಗಳ ತನಕ ಗಾಡಿ ಹೋಗುತ್ತದೆ. ಕೊಡಚಾದ್ರಿಗೂ ಜೀಪು ಇದೆಯಲ್ಲ, ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರದವರೆಗೆ? ಅಮ್ಮಂದಿರ ಹೆಸರು ಹೇಳಿ ಕಂಬ ನೆಡುವವರು ಮೊದಲು ಆ ಜೀಪಿನ ದಾರಿಯನ್ನು ಸೊಂಟ ಮುರಿಯದ ಹಾಗೆ ಸರಿಮಾಡಲಿ. ಅದಕ್ಕೆ ಯಾಕೆ ಯಾರೂ ಫೋನ್ ಮಾಡೋದಿಲ್ಲ?

ಇನ್ನು ಊರು ಉದ್ಧಾರವಾಗುವ ಮಾತು. ಭಾವ, ಲೆಕ್ಕ ಹಾಕಿ. ರೋಪ್‌ವೇ ಬೇಕು ಅಂತಿರೋದು ಕೊಲ್ಲೂರಿನಿಂದ. ಅಲ್ಲಿ ಹತ್ತಿದವನು ಅಲ್ಲೇ ಇಳಿಯುತ್ತಾನೆ. ನಿಟ್ಟೂರಿಗೆ ಅವನು ಯಾಕೆ ಬರುತ್ತಾನೆ? ಸಾಲ ಮಾಡಿ ಜೀಪು ತಗೊಂಡ ನಮ್ಮ ಹುಡುಗರು ಏನು ಮಾಡಬೇಕು? ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದು ಬರೋರಿಗೆ ಊಟ ಹಾಕಿ ನಾಲ್ಕು ಕಾಸು ನೋಡುವ ಮನೆಗಳು ಏನು ಮಾಡಬೇಕು? ನಡೆಯುವವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಕತ್ತಲಾದರೆ ಮಲಗೋಕೆ ಜಾಗ ಬೇಕಾಗುತ್ತದೆ. ಏರು ಇದ್ದಲ್ಲಿ ಮಜ್ಜಿಗೆಯವಳಿಗೆ ಕೆಲಸ ಇದೆ. ಏರು ಹೋದರೆ ಟಿಕೆಟ್ ಹರಿಯುವವನಿಗೆ ಮಾತ್ರ.

ಜನಸಂದಣಿಯ ಮಾತೂ ಇದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಚಿತ್ರಗಳನ್ನು ನೀವೂ ನೋಡಿದ್ದೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಮುಂಗಡ ನೋಂದಣಿಯ ನಿಯಮ ತಂತು. 1712 ಮೀಟರ್ ಎತ್ತರದ, ಬೆವರು ಇಳಿಸುವ, ಕಾಲು ಬೀಳಿಸುವ ಬೆಟ್ಟಕ್ಕೇ ಅಷ್ಟು ಜನ ಆದರೆ, ಕೂತುಕೊಂಡು ಹೋಗುವ ಬೆಟ್ಟಕ್ಕೆ ಎಷ್ಟು ಆಗಬೇಡ? ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದ ಬೆಟ್ಟ. ಅದರ ತುದಿಯಲ್ಲಿ ಶಂಕರಾಚಾರ್ಯರ ಸರ್ವಜ್ಞ ಪೀಠದ ಸುತ್ತ ಇರೋದು ಒಂದಿಷ್ಟು ಹುಲ್ಲು, ಕಣಿವೆಯಲ್ಲಿ ಒಂದಿಷ್ಟು ಶೋಲಾ ಕಾಡು. ಅಷ್ಟು ಜನರ ಕಾಲು, ಕಸ, ನೀರಿನ ಬಾಟಲಿಯನ್ನು ಅದು ಎಲ್ಲಿ ಇಟ್ಟುಕೊಳ್ಳಬೇಕು? ಕಡಿದಾದ ದಾರಿಯೇ ಆ ಬೆಟ್ಟಕ್ಕೆ ಇರುವ ಕಾವಲುಗಾರ. ಸಂಬಳ ಕೇಳದ, ಲಂಚ ಮುಟ್ಟದ ಕಾವಲುಗಾರ.

ಹೇಳಿದರೆ ಯಾರು ಕೇಳ್ತಾರೆ ಅನ್ನಬೇಡಿ. 2022ರಲ್ಲಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಅಂದಾಗ ಮೈಸೂರಿನ ಜನ ಬೇಡ ಅಂದರು, ಸರ್ಕಾರ ಕೈಬಿಟ್ಟಿತು. ಮೈಸೂರಿನವರಿಗೆ ಇದ್ದ ಬಾಯಿ ನಮಗೆ ಇಲ್ಲವೇ?

ಹೊರಗಿರುವ ನಮ್ಮಂಥವರು ಊರನ್ನು ಫೋಟೋ ಮಾಡಿ ಗೋಡೆಗೆ ನೇತುಹಾಕಿಕೊಂಡಿರುತ್ತೇವೆ, ಅದು ಬದಲಾಗಬಾರದು ಅಂತ ಹಟ ಹಿಡಿಯುತ್ತೇವೆ ಅಂತ ಭಾವನ ಆರೋಪ. ಇರಬಹುದು. ಆದರೆ ಫೋಟೋ ಬೇಕಾದವನಿಗೆ ರೋಪ್‌ವೇ ಒಳ್ಳೆಯದೇ, ಬೇಗ ಸಿಗುತ್ತದೆ. ನನಗೆ ಬೇಕಾಗಿರೋದು ನಾನು ಊರಲ್ಲಿದ್ದಾಗ ಹತ್ತದೆ ಬಿಟ್ಟ ಆ ಏರು. ಈ ದೀಪಾವಳಿಗೆ ಬರುತ್ತೇನೆ ಭಾವ. ಜೀಪು ಬೇಡ. ಹಿಡ್ಲುಮನೆ ದಾರಿಯಲ್ಲೇ ಹೋಗೋಣ. ಮೇಲೆ ಹೋಗಿ ಕೂತ ಮೇಲೆ, ಉಸಿರು ತಹಬಂದಿಗೆ ಬಂದ ಮೇಲೆ, ನೀವೇ ಹೇಳಿ, ಕಂಬ ಎಲ್ಲಿ ನೆಡೋಣ ಅಂತ.