ಓಲೆಯನ್ನು ಸುಟ್ಟು ಪಾಠವನ್ನು ಹುಡುಕುವವರು

ಕೃತಿಯನ್ನು ಮುದ್ರಿಸಿದ ಮೇಲೆ ಅದರ ಓಲೆಗರಿಯನ್ನು ಒಲೆಗೆ ಹಾಕುವ ಸಂಪಾದಕನನ್ನು ಯಾವ ವಿದ್ವಾಂಸನೂ ಕ್ಷಮಿಸಲಾರ. ಶಾಸನಗಳ ಛಾಯಾಚಿತ್ರಣದಲ್ಲಿ ಇದೇ ಕೃತ್ಯವು ನಡೆಯುತ್ತಿದ್ದರೂ ಆಕ್ಷೇಪಿಸುವವರು ವಿರಳ.

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳು ಇದರ ಗಂಭೀರತೆಯನ್ನು ತೋರುತ್ತವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಸಕಲೇಶಪುರ ಭಾಗವು ಮಂಜರಾಬಾದ್ ತಾಲ್ಲೂಕೆನಿಸಿತ್ತು. ಅಂದಿನಿಂದ ನೂರಿಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳು ಕಳೆದಿವೆ. ಮಲೆನಾಡಿನ ಬಯಲಲ್ಲಿ ನಿಂತ ಕಲ್ಲಿಗೆ ಪಾಚಿ, ಕಲ್ಲುಹೂವು ಹತ್ತುತ್ತವೆ. ಅಕ್ಷರದ ಅಂಚು ಸವೆದು, ಬರೆಹಕ್ಕೂ ಬರಿಗಲ್ಲಿಗೂ ಇರುವ ಭೇದವು ನೆರಳಿನ ಒಂದೆಳೆಯಷ್ಟಾಗುತ್ತದೆ.

ಜೆಪೆಗ್ ಕಡತದಲ್ಲಿ ಅಪಾಯಕ್ಕೊಳಗಾಗುವುದು ಆ ಎಳೆಯೇ. ಕ್ಯಾಮೆರಾದ ಸಂವೇದಕವು ಬೆಳಕನ್ನು ಸಾಮಾನ್ಯವಾಗಿ 12 ಅಥವಾ 14 ಬಿಟ್‌ಗಳಲ್ಲಿ, ಎಂದರೆ 4,096 ಅಥವಾ 16,384 ಮಟ್ಟಗಳಲ್ಲಿ ಅಳೆಯುತ್ತದೆ. ರಾ ಕಡತವು ಈ ಅಳತೆಗಳನ್ನು ಕಾಯ್ದಿರಿಸುತ್ತದೆ. ಜೆಪೆಗ್ ಸಿದ್ಧಪಡಿಸುವಾಗ ಯಂತ್ರವು ವರ್ಣಸಮತೋಲನವನ್ನು ತಾನೇ ನಿರ್ಧರಿಸಿ, ಅಂಚುಗಳನ್ನು ತೀಡಿ, ಒರಟನ್ನು ನುಣುಪಾಗಿಸಿ, ಪ್ರತಿ ವರ್ಣವನ್ನು 256 ಮಟ್ಟಗಳಿಗೆ ಇಳಿಸುತ್ತದೆ. ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಕಾಣದೆಂದು ಎಣಿಸಿದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಸವೆದ ಅಕ್ಷರವು ವಕಾರವೋ ಮಕಾರವೋ ಎಂಬ ಸಂದೇಹವನ್ನು ವಿದ್ವಾಂಸನು ಎತ್ತುವ ಮೊದಲೇ ಹೀಗೆ ತೀರ್ಪು ಹೊರಬಿದ್ದಿರುತ್ತದೆ. ಇದು ಅನಾಮಧೇಯ ಸಂಪಾದಕನ ತಿದ್ದುಪಡಿ; ಅಡಿಟಿಪ್ಪಣಿಯಿಲ್ಲ, ಪಾಠಾಂತರಸೂಚಿಯಿಲ್ಲ. ಅದೇ ಚಿತ್ರವು ವಾಟ್ಸ್ಆಪ್‌ನಲ್ಲಿ ಇನ್ನಷ್ಟು ಕುಗ್ಗಿ ಸಂಶೋಧಕನ ಕೈಸೇರಿ, 'ಕ್ಷೇತ್ರಕಾರ್ಯದ ಆಕರ' ಎಂಬ ಗೌರವವನ್ನು ಪಡೆಯುತ್ತದೆ.

ರಾ ಕಡತವು ಹೆಚ್ಚು ಜಾಗವನ್ನು ಬೇಡುತ್ತದೆಂಬ ವಾದವಿದೆ. ಸತ್ಯ, ಆದರೆ ಓಲೆಕಟ್ಟುಗಳೂ ಮುದ್ರಿತ ಪುಸ್ತಕಕ್ಕಿಂತ ಹೆಚ್ಚು ಜಾಗವನ್ನೂ ಜೋಪಾನವನ್ನೂ ಬೇಡುತ್ತವೆ. ರಾ ಎಂದರೆ ಪರಿಶುದ್ಧ ಸತ್ಯವೆಂಬ ಎದುರುವಾದವೂ ಅಷ್ಟೇ ಪೊಳ್ಳು. ಬೇಯರ್ ಜಾಲರಿಯುಳ್ಳ ಸಂವೇದಕದ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ; ಉಳಿದೆರಡನ್ನು ನೆರೆಯ ಬಿಂದುಗಳಿಂದ ಊಹಿಸಿಯೇ ಚಿತ್ರವನ್ನು ಕಟ್ಟಬೇಕು. ಭೇದವಿಷ್ಟೆ: ರಾ ಉಳಿದಿದ್ದರೆ ಆ ಊಹೆಯನ್ನು ಮತ್ತೊಬ್ಬರು ಮತ್ತೊಂದು ಬಗೆಯಲ್ಲಿ ಮಾಡಿ ಪರೀಕ್ಷಿಸಬಹುದು. ಬದಿಯಿಂದ ಓರೆಯಾಗಿ ಬೀಳುವ ಬೆಳಕಿಗಾಗಲಿ, ಅಳತೆಪಟ್ಟಿಗಾಗಲಿ, ಕಾಗದದ ಪಡಿಯಚ್ಚಿಗಾಗಲಿ ರಾ ಪರ್ಯಾಯವಲ್ಲ.

ಆದುದರಿಂದ ಶಾಸನವನ್ನು ಓದುವ ಪ್ರತಿ ಪ್ರಬಂಧದೊಡನೆ ತಿದ್ದದ ರಾ ಕಡತವನ್ನೂ, ಅಡೋಬಿ 2004ರಲ್ಲಿ ಪ್ರಕಟಿಸಿದ ಡಿಎನ್‌ಜಿಯಂಥ ಮುಕ್ತ ವಿನ್ಯಾಸದ ಪ್ರತಿಯೊಂದನ್ನೂ ಗ್ರಂಥಾಲಯಕ್ಕೆ ಒಪ್ಪಿಸುವುದು ಕಡ್ಡಾಯವಾಗಬೇಕು. ಆಲೂರಿನ ಮಳೆಯನ್ನು ಯಾರೂ ತಡೆಯಲಾರರು. ಕಲ್ಲು ಸವೆದುಹೋದ ದಿನ ಮುಂದಿನ ಓದುಗನ ಕೈಯಲ್ಲಿ ಸಾಕ್ಷ್ಯವಿರಬೇಕೇ ಹೊರತು ಯಂತ್ರದ ಅಭಿಪ್ರಾಯವಲ್ಲ.