ಮೊದಲು ಉಣಿಸುವ ಹಕ್ಕಿ, ಆಮೇಲೆ ಬೇಟೆಯ ಹಕ್ಕಿ

ಪೈಲಟ್ ಇಲ್ಲದೆ ಹಡಗಿನಿಂದ ಹಾರಿ, ಶತ್ರುವನ್ನು ಹುಡುಕಿ ಹೊಡೆದು, ಮತ್ತೆ ತಾನಾಗಿಯೇ ಹಡಗಿನ ಮೇಲೆ ಬಂದಿಳಿಯುವ ಯುದ್ಧವಿಮಾನ ನಮ್ಮ ನೌಕಾಪಡೆಗೂ ಬೇಕೆಂಬ ಕೂಗು ಈಗೀಗ ಜೋರಾಗಿದೆ. ವಿಶಾಖಪಟ್ಟಣದಲ್ಲಿ ನೆಲೆ ನಿಂತ ನಮಗೆ ಇದು ದೂರದ ಮಾತಲ್ಲ. ಪೂರ್ವ ನೌಕಾ ಕಮಾಂಡಿನ ಕೇಂದ್ರ ಇರುವುದೇ ಇಲ್ಲಿ. ವಿಮಾನ ರೂಪುಗೊಳ್ಳಬೇಕಾದದ್ದು ಬೆಂಗಳೂರಿನಲ್ಲಿ, ಪರೀಕ್ಷೆಗೊಳ್ಳಬೇಕಾದದ್ದು ಚಳ್ಳಕೆರೆಯ ಬಯಲಿನಲ್ಲಿ. ಹುಟ್ಟಿದ ನೆಲಕ್ಕೂ ಅನ್ನ ಕೊಟ್ಟ ಊರಿಗೂ ಋಣಿಗಳಾದ ನಾವು ನೇರವಾಗಿಯೇ ಹೇಳುತ್ತೇವೆ: ಬೇಟೆಯ ವಿಮಾನ ಸ್ವಲ್ಪ ಕಾಯಲಿ. ಮೊದಲು ಆಗಸದಲ್ಲಿ ಇಂಧನ ಉಣಿಸುವ ಪೈಲಟ್‌ರಹಿತ ವಿಮಾನವನ್ನು ಮಾಡಿ.

ಕಾರಣ ಸರಳವಾಗಿದೆ. ನಮ್ಮ ವಿಮಾನವಾಹಕ ನೌಕೆಗಳು ಎರಡು: 2013ರಲ್ಲಿ ಬಂದ ವಿಕ್ರಮಾದಿತ್ಯ, 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ಹೊಸ ವಿಕ್ರಾಂತ್. ವಿಮಾನವನ್ನು ಕವಣೆಕಲ್ಲಿನಂತೆ ಎಸೆಯುವ ಕ್ಯಾಟಪಲ್ಟ್ ಯಂತ್ರ ಎರಡರಲ್ಲೂ ಇಲ್ಲ. ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಓಡಿ, ಮೂತಿಯ ಕಡೆಯ ಇಳಿಜಾರನ್ನೇರಿ ನೆಗೆಯಬೇಕು. ಹಾಗೆ ನೆಗೆಯುವಾಗ ಭಾರಕ್ಕೆ ಮಿತಿಯುಂಟು. ಬಾಂಬು ಹೆಚ್ಚು ಹೊತ್ತರೆ ಎಣ್ಣೆ ಕಡಿಮೆ, ಎಣ್ಣೆ ಹೆಚ್ಚು ಹೊತ್ತರೆ ಬಾಂಬು ಕಡಿಮೆ. ನೆಗೆದ ಮೇಲೆ ಯಾರಾದರೂ ಆಗಸದಲ್ಲೇ ಟ್ಯಾಂಕು ತುಂಬಿಸಿದರೆ ಮಾತ್ರ ಪೂರ್ತಿ ಆಯುಧದೊಡನೆ ದೂರ ಹೋಗಲು ಸಾಧ್ಯ.

ತುಂಬಿಸುವವರು ಯಾರು? ವಾಯುಪಡೆ 2003ರಿಂದ ತರಿಸಿಕೊಂಡ ಇಲ್ಯೂಶಿನ್-78 ಟ್ಯಾಂಕರುಗಳು ಆರೇ ಆರು, ಅವೂ ನೆಲದ ರನ್‌ವೇಯಿಂದಲೇ ಏಳಬೇಕು. ಹಡಗಿನ ಮೇಲಿರುವ ಉಪಾಯವೆಂದರೆ ಒಂದು ಮಿಗ್-29ಕೆ ಯುದ್ಧವಿಮಾನದ ಹೊಟ್ಟೆಗೆ ಪೈಪಿನ ಪೆಟ್ಟಿಗೆ ಕಟ್ಟಿ, ಅದರಿಂದ ಇನ್ನೊಂದಕ್ಕೆ ಎಣ್ಣೆ ಕೊಡಿಸುವುದು. 2025ರ ಏಪ್ರಿಲ್‌ನಲ್ಲಿ 26 ರಫೇಲ್ ಮರೀನ್ ವಿಮಾನಗಳಿಗೆ ಸಹಿ ಬಿದ್ದಿದೆ. ನಾಳೆ ಅವುಗಳಲ್ಲೂ ಕೆಲವು ಇದೇ ಚಾಕರಿಗೆ ನಿಲ್ಲಬೇಕಾದೀತು. ಪಂದ್ಯದ ಕುದುರೆಯಿಂದ ನೀರು ಹೊರಿಸುವುದು ಯಾವ ಜಾಣತನ?

ಅಮೆರಿಕದವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಅವರ ಎಕ್ಸ್-47ಬಿ ಎಂಬ ಪೈಲಟ್‌ರಹಿತ ವಿಮಾನ 2013ರ ಜುಲೈ 10ರಂದು ವಿಮಾನವಾಹಕ ನೌಕೆಯ ಮೇಲೆ ತಾನೇ ಇಳಿಯಿತು. 2015ರ ಏಪ್ರಿಲ್‌ನಲ್ಲಿ ಹಾರುತ್ತಲೇ ಎಣ್ಣೆ ಪಡೆಯಿತು. ಜಗತ್ತು ಚಪ್ಪಾಳೆ ತಟ್ಟಿತು. ಆದರೆ 2016ರಲ್ಲಿ ಅವರ ನೌಕಾಪಡೆ ಯುದ್ಧದ ಯೋಜನೆಯನ್ನು ಬದಿಗಿಟ್ಟು ಟ್ಯಾಂಕರನ್ನು ಕೇಳಿತು. ಅವರ ಯುದ್ಧವಿಮಾನಗಳ ಹಾರಾಟದಲ್ಲಿ ನೂರಕ್ಕೆ 20ರಿಂದ 30 ಪಾಲು ಬರೀ ಎಣ್ಣೆ ಉಣಿಸುವುದಕ್ಕೇ ಹೋಗುತ್ತಿತ್ತಂತೆ! ಹಾಗೆ ಹುಟ್ಟಿದ ಬೋಯಿಂಗ್ ಕಂಪನಿಯ ಎಂಕ್ಯು-25, 2021ರ ಜೂನ್ 4ರಂದು ಒಂದು ಯುದ್ಧವಿಮಾನಕ್ಕೆ ಆಗಸದಲ್ಲಿ ಎಣ್ಣೆ ಉಣಿಸಿತು. ಅಷ್ಟು ಸಿರಿವಂತರಿಗೂ ಮೊದಲು ಹೇಳಿಕೊಂಡ 2024ರ ಗಡುವು ತಪ್ಪಿತು. ಇನ್ನು ನಾವು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುತ್ತ ಕೂರಬಹುದೆ?

'ಕ್ಯಾಟಪಲ್ಟ್ ಇಲ್ಲದ ಹಡಗಿನಿಂದ ಇದೆಲ್ಲ ಆಗದು' ಎನ್ನುವ ಪ್ರಾಜ್ಞರಿದ್ದಾರೆ. ತುರ್ಕಿಯವರ ಟಿಬಿ-3 ಎಂಬ ಡ್ರೋನು 2024ರ ನವೆಂಬರ್‌ನಲ್ಲಿ ಅನಾದೊಲು ಹಡಗಿನ ಇಳಿಜಾರಿನಿಂದಲೇ ಹಾರಿ ಅಲ್ಲಿಗೇ ಮರಳಿತು. ಅದು ಚಿಕ್ಕದು, ನಿಜ. ಆದರೆ ಬೆಂಗಳೂರಿನ ನೌಕಾ ತೇಜಸ್ ಚಿಕ್ಕದಲ್ಲ. 2020ರ ಜನವರಿ 11ರಂದು ಅದು ವಿಕ್ರಮಾದಿತ್ಯದ ಮೇಲೆ ಇಳಿದು, ಮರುದಿನ ಅದೇ ಇಳಿಜಾರಿನಿಂದ ಎದ್ದಿತು. ತೇಜಸ್ 2018ರ ಸೆಪ್ಟೆಂಬರ್‌ನಲ್ಲಿ 20,000 ಅಡಿ ಎತ್ತರದಲ್ಲಿ 1,900 ಕಿಲೋ ಎಣ್ಣೆ ಪಡೆದದ್ದೂ ಉಂಟು. ಬೆಂಗಳೂರಿನ ಏ.ಡಿ.ಇ. ಸಂಸ್ಥೆಯ ಬಾಲವಿಲ್ಲದ ಪೈಲಟ್‌ರಹಿತ ವಿಮಾನ 2022ರ ಜುಲೈ 1ರಂದು ಚಳ್ಳಕೆರೆಯ ಬಯಲಿನಲ್ಲಿ ಮೊದಲ ಸಲ ಹಾರಿ, ತಾನೇ ಇಳಿಯಿತು. ಬಿಡಿ ವಿದ್ಯೆಗಳೆಲ್ಲ ಕೈಯಲ್ಲಿವೆ. ಕೂಡಿಸುವ ಕೆಲಸವಷ್ಟೇ ಬಾಕಿ.

'ಎಂಜಿನ್ ಎಲ್ಲಿದೆ?' ಎನ್ನುವರು. 1989ರಲ್ಲಿ ಆರಂಭವಾದ ಕಾವೇರಿ ಎಂಜಿನ್ ಬಲ ಸಾಲದೆಂದು 2008ರಲ್ಲಿ ತೇಜಸ್‌ನಿಂದ ದೂರವಾಯಿತು. ಆದರೆ ಎಣ್ಣೆ ಹೊರುವ ವಿಮಾನ ಶಬ್ದವನ್ನು ಮೀರಿ ಓಡಬೇಕಿಲ್ಲ, ರೇಡಾರಿನಿಂದ ಪೂರ್ತಿ ಮರೆಯಾಗಬೇಕಿಲ್ಲ. ಎಂಕ್ಯು-25 ಹಾರುವುದೂ ಸಣ್ಣ ಪ್ರಯಾಣಿಕ ವಿಮಾನಗಳಿಗೆ ಹಾಕುವ ಬಗೆಯ ಒಂದೇ ಎಂಜಿನ್ನಿನಿಂದ. ಕಾವೇರಿಗೆ ಮರ್ಯಾದೆಯ ಕೆಲಸ ಸಿಗುವುದಾದರೆ ಅದು ಇಲ್ಲೇ.

ನಮ್ಮ ಭಯ ಬೇರೆಯೇ ಇದೆ. ಏ.ಡಿ.ಇ.ಯ 'ತಪಸ್' ಡ್ರೋನು 2023ರ ಜೂನ್ 16ರಂದು ಚಳ್ಳಕೆರೆಯಿಂದ ಹಾರಿತು. ಕಾರವಾರದಾಚೆ ಕಡಲಲ್ಲಿದ್ದ ಐ.ಎನ್.ಎಸ್. ಸುಭದ್ರಾ ಹಡಗು ಅದರ ಹಿಡಿತವನ್ನು ತೆಗೆದುಕೊಂಡು ನಡೆಸಿತು. ಎಂಥ ಹೆಮ್ಮೆಯ ದಿನ! ಅದೇ ವರ್ಷದ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ಒಂದು ತಪಸ್ ಬಿದ್ದಿತು. ಪಡೆಗಳು ಕೇಳಿದ್ದು 30,000 ಅಡಿ ಮತ್ತು 24 ಗಂಟೆ, ತಪಸ್ ಮುಟ್ಟಿದ್ದು 28,000 ಅಡಿ ಮತ್ತು 18 ಗಂಟೆ. 2024ರ ಆರಂಭದಲ್ಲಿ ಯೋಜನೆಯನ್ನು ಆದ್ಯತೆಯ ಪಟ್ಟಿಯಿಂದ ತೆಗೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಡ್ರೋನುಗಳನ್ನು ಕೊಳ್ಳಲು ಸಹಿಯಾಯಿತು. ಹದಿನೆಂಟು ಗಂಟೆ ಹಾರುವುದನ್ನು ಬಳಸುತ್ತ ಬಳಸುತ್ತ ಇಪ್ಪತ್ತನಾಲ್ಕಕ್ಕೆ ಏರಿಸುವುದು ಕಸಬುದಾರನ ದಾರಿ. ಹುಟ್ಟಿದ ಮಗು ಮರುದಿನವೇ ಓಡಲಿಲ್ಲವೆಂದು ತೊಟ್ಟಿಲನ್ನೇ ಮಾರುವುದು ಯಾರ ದಾರಿ? ಯುದ್ಧದ ಡ್ರೋನಿಗೆ ಕೈಹಾಕಿದರೂ ಇದೇ ಗತಿಯಾದೀತು. ಬೇಡಿಕೆ ಆಕಾಶದಷ್ಟು, ತಾಳ್ಮೆ ಅಂಗೈಯಷ್ಟು!

ಇದರಲ್ಲಿ ಕಳೆದುಕೊಳ್ಳುವವರು ಎಂಜಿನಿಯರುಗಳು ಮಾತ್ರವಲ್ಲ. ಚಳ್ಳಕೆರೆಯ ಪರೀಕ್ಷಾ ಬಯಲು ಅಮೃತಮಹಲ್ ಕಾವಲಿನ ನೆಲ. ದನಕುರಿಗಳು ಮೇಯುತ್ತಿದ್ದ 4,000ಕ್ಕೂ ಹೆಚ್ಚು ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆಗೆ ಹೋಯಿತು. ಸುತ್ತಲ ಹಳ್ಳಿಯವರು ಬೇಲಿಯ ಹೊರಗೆ ನಿಂತರು, ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಅವರಿಂದ ಪಡೆದ ನೆಲದ ಮೇಲೆ ಅರ್ಧಕ್ಕೆ ಬಿಟ್ಟ ಯೋಜನೆಗಳ ಸಾಲು ಬೆಳೆಸುವ ಹಕ್ಕು ದಿಲ್ಲಿಯ ಯಾವ ಕಚೇರಿಗೂ ಇಲ್ಲ.

ಇನ್ನೊಂದು ಮಾತು. ಮನುಷ್ಯರಿಲ್ಲದ ಯಂತ್ರ ಯಾರನ್ನು ಕೊಲ್ಲಬೇಕೆಂದು ಯಾರು ತೀರ್ಮಾನಿಸಬೇಕು? ಜಗತ್ತು ಇದಕ್ಕಿನ್ನೂ ಒಪ್ಪಿತವಾದ ಕಾನೂನು ಬರೆದಿಲ್ಲ. ಎಣ್ಣೆ ಉಣಿಸುವ ವಿಮಾನ ಯಾರನ್ನೂ ಕೊಲ್ಲುವುದಿಲ್ಲ. ಹಡಗಿನಿಂದ ಏಳುವ, ಇಳಿಯುವ, ಇನ್ನೊಂದು ವಿಮಾನದ ಪಕ್ಕದಲ್ಲಿ ಹಾರುವ ವಿದ್ಯೆಯನ್ನೆಲ್ಲ ಅದೇ ಕಲಿಸಿಕೊಡುತ್ತದೆ.

ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರನ್ನು ಕೇಳಿ ನೋಡಿ: ಚಾಸಿಸ್ ಸರಿಯಿಲ್ಲದ ಗಾಡಿಗೆ ಬಾಡಿ ಕಟ್ಟುವ ಮೇಸ್ತ್ರಿ ಒಬ್ಬನೂ ಸಿಗನು. ಎಣ್ಣೆಯ ವಿಮಾನವೇ ಈ ಕೆಲಸದ ಚಾಸಿಸ್. ಅದರ ಒಳಗಿರುವುದಾದರೂ ಏನು? ಪಂಪು, ವಾಲ್ವು, ಸುರುಳಿ ಸುತ್ತಿದ ಹೋಸ್ ಪೈಪು, ಅದರ ತುದಿಗೊಂದು ಬುಟ್ಟಿ. ವಿಮಾನಕ್ಕೆ ಬೇಕಾದ ನಿಖರತೆ ಬೇರೆಯೇ ಮಟ್ಟದ್ದು, ಒಪ್ಪೋಣ. ಆದರೆ ಕಲಿಸಿ, ಪರೀಕ್ಷಿಸಿ, ಆರ್ಡರು ಕೊಟ್ಟರೆ ನಮ್ಮ ಊರಿನ ಆಟೋನಗರದ ಶೆಡ್ಡುಗಳೂ ಅದನ್ನು ಮುಟ್ಟಬಲ್ಲವು.

ಆದ್ದರಿಂದ ನಾವು ಕೇಳುವುದು ಮೂರೇ. ನೌಕಾಪಡೆ ಮೊದಲ ಬೇಡಿಕೆಯಾಗಿ ಪೈಲಟ್‌ರಹಿತ ಟ್ಯಾಂಕರನ್ನು ಇಡಲಿ. ಮೊದಲ ಮಾದರಿ ಎಷ್ಟು ಮುಟ್ಟುವುದೋ ಅಷ್ಟನ್ನು ಒಪ್ಪಿ ಬಳಸಲಿ. ಬಿಡಿಭಾಗಗಳ ಕೆಲಸ ದೊಡ್ಡ ಕಂಪನಿಗಳ ಹೊಸ್ತಿಲಲ್ಲೇ ನಿಲ್ಲದೆ ಸಣ್ಣ ಕಾರ್ಖಾನೆಗೂ ಇಳಿಯಲಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದದ್ದು ಸಾಕು. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳ ಮುಂದೆ ವಿದೇಶಿ ವಿಮಾನದ ಚಿತ್ರಪಟದ ಬದಲು ಬಿಡಿಸಬೇಕಾದ ಲೆಕ್ಕವನ್ನು ಇಡಿ.