ಜ್ವರ ಇಳಿಯಿತೆಂದು ಮಿದುಳಿನ ಚಿಕಿತ್ಸೆ ನಿಲ್ಲಿಸಬೇಡಿ

ಮಿದುಳು ಪೊರೆಯ ಸೋಂಕು, ಅಂದರೆ ಮೆನಿಂಜೈಟಿಸ್ ತಗಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಅನೇಕರಿಗೆ ಕೆಲವೇ ದಿನಗಳಲ್ಲಿ ಜ್ವರ ಇಳಿಯುತ್ತದೆ. ಮಗು ತಾಯಿಯನ್ನು ಗುರುತಿಸುತ್ತದೆ, ಗಂಜಿ ಕುಡಿಯುತ್ತದೆ. ಆಗ ಮನೆಯವರು, "ಇನ್ನೂ ಇಂಜೆಕ್ಷನ್ ಯಾಕೆ? ಮಾತ್ರೆ ಬರೆದುಕೊಡಿ, ಮನೆಗೆ ಹೋಗುತ್ತೇವೆ" ಎನ್ನುತ್ತಾರೆ. ಆಸ್ಪತ್ರೆಯ ಖರ್ಚು, ತಪ್ಪಿಹೋಗುವ ದಿನಗೂಲಿ, ಮನೆಯಲ್ಲಿ ಬಿಟ್ಟು ಬಂದ ಉಳಿದ ಮಕ್ಕಳು, ಇವನ್ನೆಲ್ಲ ನೆನೆದರೆ ಆ ಮಾತು ಸಹಜವೇ. ಆದರೂ ಅದಕ್ಕೆ ಒಪ್ಪಬಾರದು. ಕಾರಣ ಮಿದುಳಿನ ರಚನೆಯಲ್ಲೇ ಇದೆ.

1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಬಹುತೇಕ ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿನ ಸಣ್ಣ ರಕ್ತನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ ಎಂಬುದು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸ್ಪಷ್ಟವಾಯಿತು. ಇದೇ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ರಕ್ತದಲ್ಲಿರುವ ವಿಷ, ರೋಗಾಣು ಮಿದುಳಿಗೆ ನುಗ್ಗದಂತೆ ಅದು ತಡೆಯುತ್ತದೆ. ಹಾಗೆಯೇ ಅನೇಕ ಔಷಧಿಗಳನ್ನೂ ತಡೆಯುತ್ತದೆ.

ಈ ಗೋಡೆಯನ್ನು ಬಿಗಿಯಾಗಿ ಇಡುವವರು ಯಾರು? ಮಿದುಳಿನಲ್ಲಿ ನರಕೋಶಗಳಲ್ಲದೆ ಅವುಗಳ ಸೇವೆಗೆಂದೇ ಇರುವ ಕೋಶಗಳಿವೆ. ಅವುಗಳಲ್ಲಿ ನಕ್ಷತ್ರದ ಆಕಾರದವುಗಳಿಗೆ ಆಸ್ಟ್ರೋಸೈಟ್ ಎಂದು ಹೆಸರು. ಇವು ತಮ್ಮ ಪಾದಗಳಂತಹ ತುದಿಗಳಿಂದ ಮಿದುಳಿನ ರಕ್ತನಾಳಗಳನ್ನು ಸುತ್ತಲೂ ಅಪ್ಪಿ ಹಿಡಿದಿರುತ್ತವೆ. 1987ರಲ್ಲಿ ಸಂಶೋಧಕರು ಈ ಕೋಶಗಳನ್ನು ಇಲಿಯ ಕಣ್ಣಿನೊಳಗೆ ಇಟ್ಟು ನೋಡಿದರು. ಅಲ್ಲಿ ಅವುಗಳ ನಡುವೆ ಬೆಳೆದ ರಕ್ತನಾಳಗಳು ಮಿದುಳಿನ ರಕ್ತನಾಳಗಳಂತೆಯೇ ಬಣ್ಣವನ್ನು ಹೊರಬಿಡಲಿಲ್ಲ. ಗರ್ಭದಲ್ಲಿ ಗೋಡೆಯ ಕೆಲಸ ಆರಂಭವಾಗುವುದು ಆಸ್ಟ್ರೋಸೈಟ್‌ಗಳು ಬರುವುದಕ್ಕೂ ಮೊದಲು, ಪೆರಿಸೈಟ್ ಎಂಬ ಬೇರೆ ಕೋಶಗಳ ನೆರವಿನಿಂದ ಎಂಬುದು 2010ರಲ್ಲಿ ತಿಳಿಯಿತು. ಆದರೆ ಗೋಡೆಯನ್ನು ಬಲಪಡಿಸಿ ಕಾಪಾಡುವುದರಲ್ಲಿ ಆಸ್ಟ್ರೋಸೈಟ್‌ಗಳ ಪಾತ್ರ ದೊಡ್ಡದು. ಯಾರ ಕಣ್ಣಿಗೂ ಕಾಣದ ಈ ಕಾವಲು ಅಲ್ಲಾಹನ ಸೃಷ್ಟಿಯ ಸೊಬಗುಗಳಲ್ಲೊಂದು.

ಸೋಂಕು ತಗಲಿದಾಗ ಇದೇ ಆಸ್ಟ್ರೋಸೈಟ್‌ಗಳು ಬೇರೆ ರೀತಿ ವರ್ತಿಸುತ್ತವೆ. ಅವು ಮತ್ತು ಸುತ್ತಲಿನ ಕೋಶಗಳು ಹೊರಬಿಡುವ ರಾಸಾಯನಿಕಗಳಿಂದ ಬೆಸುಗೆ ಸಡಿಲವಾಗುತ್ತದೆ. ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಒಳಬರುತ್ತವೆ, ನೀರೂ ಸೇರಿ ಬಾವು ಬರುತ್ತದೆ. ಇದು ಅಪಾಯವೇ. ಆದರೆ ಸಾಮಾನ್ಯವಾಗಿ ಮಿದುಳನ್ನು ಸರಿಯಾಗಿ ತಲುಪದ ಪೆನ್ಸಿಲಿನ್‌ನಂತಹ ಔಷಧಿಗಳು ಒಳಹೋಗಲು ದಾರಿಯಾಗುವುದೂ ಇದೇ ಸಡಿಲಿಕೆಯಿಂದ.

ಗಮನಿಸಬೇಕಾದ ವಿಷಯ ಇಲ್ಲಿದೆ. ಮಗು ಚೇತರಿಸಿಕೊಂಡಂತೆ ಉರಿಯೂತ ಇಳಿಯುತ್ತದೆ, ಗೋಡೆ ಮತ್ತೆ ಬಿಗಿಯಾಗುತ್ತದೆ, ಒಳಹೋಗುವ ಔಷಧಿಯ ಪ್ರಮಾಣ ಕಡಿಮೆಯಾಗುತ್ತದೆ. ಅಳಿದುಳಿದ ರೋಗಾಣು ಇನ್ನೂ ಒಳಗಿರಬಹುದು. ಆದ್ದರಿಂದಲೇ ವೈದ್ಯರು ಜ್ವರ ಇಳಿದ ಮೇಲೂ ಡೋಸ್ ಕಡಿಮೆ ಮಾಡದೆ, ರೋಗಾಣುವಿಗೆ ತಕ್ಕಂತೆ ಒಂದರಿಂದ ಮೂರು ವಾರ ನರದ ಮೂಲಕವೇ ಔಷಧಿ ಕೊಡುತ್ತಾರೆ. ಬಿಲ್ ಹೆಚ್ಚಿಸಲು ಹೀಗೆ ಮಾಡುತ್ತಾರೆಂದು ಭಾವಿಸುವುದು ಸರಿಯಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಸೋಂಕು ಮರುಕಳಿಸಬಹುದು. ಕಿವುಡುತನ, ಫಿಟ್ಸ್, ಬುದ್ಧಿಮಾಂದ್ಯ ಜೀವನವಿಡೀ ಉಳಿಯಬಹುದು.

ಕ್ಷಯರೋಗ ಮಿದುಳು ಪೊರೆಗೆ ತಗಲಿದರಂತೂ ಇನ್ನಷ್ಟು ತಾಳ್ಮೆ ಬೇಕು. ಟಿಬಿಯ ಮುಖ್ಯ ಔಷಧಿಗಳಲ್ಲಿ ಐಸೋನಿಯಾಜಿಡ್ ಮತ್ತು ಪೈರಾಜಿನಮೈಡ್ ಈ ಗೋಡೆಯನ್ನು ಚೆನ್ನಾಗಿ ದಾಟುತ್ತವೆ, ರಿಫಾಂಪಿಸಿನ್ ಸ್ವಲ್ಪವೇ ದಾಟುತ್ತದೆ. ಶ್ವಾಸಕೋಶದ ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆಯಾದರೆ ಇದಕ್ಕೆ ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ಬಾವು ಇಳಿಸಲು ಮೊದಲ ವಾರಗಳಲ್ಲಿ ಸ್ಟಿರಾಯ್ಡ್ ಕೊಡುತ್ತಾರೆ. ಆ ಹೆಸರು ಕೇಳಿದೊಡನೆ ಹೆದರಿ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಇದರಿಂದ ಸಾವು ಕಡಿಮೆಯಾಗುತ್ತದೆಂದು ವಿಯೆಟ್ನಾಂನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ವೈದ್ಯರನ್ನು ಕೇಳದೆ ಅದನ್ನು ತಟ್ಟನೆ ನಿಲ್ಲಿಸುವುದೂ ಅಪಾಯವೇ.

ಈ ರೋಗ ಸದ್ದಿಲ್ಲದೆ ಬರುತ್ತದೆ. ವಾರಗಟ್ಟಲೆ ತಲೆನೋವು, ಸಣ್ಣ ಜ್ವರ, ಊಟ ಬೇಡವೆನ್ನುವುದು, ಕಾರಣವಿಲ್ಲದ ಸಿಟ್ಟು, ಮಂಕುತನ, ಅಸಂಬದ್ಧ ಮಾತು ಕಾಣಿಸಬಹುದು. ನಮ್ಮ ಕೆಲವು ಮನೆಗಳಲ್ಲಿ ಇದನ್ನು ಜಿನ್ನ್ ಬಾಧೆ ಎಂದು ತಿಳಿದು ಮಂತ್ರಿಸಿದ ನೀರು, ತಾಯಿತ ಎಂದು ಅಲೆಯುವುದರಲ್ಲೇ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ದುಆ ಖಂಡಿತ ಮಾಡೋಣ. ಆದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರೇ ಕಲಿಸಿದ್ದಾರೆ. ದುಆ ಮತ್ತು ಔಷಧಿ ಒಂದಕ್ಕೊಂದು ವಿರುದ್ಧವಲ್ಲ.

ರಮಝಾನ್ ಬಂದಾಗಲೂ ಈ ಎಚ್ಚರ ಬೇಕು. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ನೀಡಿದ್ದಾನೆ. ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ.

ವೈದ್ಯರಿಗೂ ಒಂದು ಮಾತು. "ಕೋರ್ಸ್ ಮುಗಿಸಿ" ಎಂದಷ್ಟೇ ಹೇಳಿದರೆ ಸಾಲದು. ಗೋಡೆ ಮತ್ತೆ ಮುಚ್ಚಿಕೊಳ್ಳುವ ವಿಷಯವನ್ನು ಮನೆಯವರ ಭಾಷೆಯಲ್ಲಿ ಎರಡು ನಿಮಿಷ ವಿವರಿಸಿದರೆ ಓದಲು ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಕಾರಣ ತಿಳಿದ ಕುಟುಂಬ ಚಿಕಿತ್ಸೆಯನ್ನು ಸುಲಭವಾಗಿ ಕೈಬಿಡುವುದಿಲ್ಲ.

ಟಿಬಿ ಔಷಧಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಬಸ್ಸಿನ ಖರ್ಚು, ತಪ್ಪಿದ ಕೂಲಿ, ರೋಗಿಯ ಜೊತೆ ನಿಲ್ಲುವವರ ಊಟ ಉಚಿತವಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಎಷ್ಟೋ ಬಾರಿ ಇವೇ ಕಾರಣ. ಮೊಹಲ್ಲಾದ ಜಮಾಅತ್ ಕಮಿಟಿಗಳು ಇಂತಹ ಮನೆಗಳನ್ನು ಗುರುತಿಸಿ, ಚಿಕಿತ್ಸೆ ಮುಗಿಯುವ ತನಕ ನೆರವಾಗಬೇಕು. ಹುಟ್ಟಿದ ಮಗುವಿಗೆ ಬಿಸಿಜಿ ಲಸಿಕೆ ಹಾಕಿಸಲು ಮರೆಯದಿರೋಣ. ಚಿಕ್ಕ ಮಕ್ಕಳಿಗೆ ಮಿದುಳು ಪೊರೆಯ ಟಿಬಿಯಿಂದ ಅದು ದೊಡ್ಡ ರಕ್ಷಣೆ.